ಕನಕಾಂಬರ ಒಣಗಿದ ವರ್ಷ

ನಮ್ಮ ಮನೆಯ ಹಿಂಬಾಗಿಲು ತೆಗೆದರೆ ಎಡಕ್ಕೆ ಬಚ್ಚಲು, ಬಲಕ್ಕೆ ಸೋಗೆ ಹೊದಿಸಿದ ಒಂದು ಸಣ್ಣ ಮಾಡು, ಎದುರಿಗೆ ಕನಕಾಂಬರ. ಗುಬ್ಬಿಯ ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗಬಹುದಾದಷ್ಟು ಹತ್ತಿರದ ಹಳ್ಳಿ ನಮ್ಮದು. ತೆಂಗು, ರಾಗಿ ಎಲ್ಲರಿಗೂ ಇದ್ದ ಹಾಗೆ ನಮಗೂ ಇದ್ದವು. ಅವು ಅಪ್ಪನವು. ಹಿತ್ತಲ ಕನಕಾಂಬರ ಮಾತ್ರ ಅವ್ವನದು. ಹನ್ನೆರಡು ಪಾತಿ, ಸುತ್ತ ಮೊಣಕಾಲೆತ್ತರದ ಮಣ್ಣಿನ ಬದು, ಒಳಗೆ ಹೋಗಲು ಬದುವಿನಲ್ಲಿ ಒಂದೇ ಒಂದು ಕಂಡಿ. ದೇವರ ಗೂಡು ನಡುಮನೆಯಲ್ಲಿತ್ತು, ಆದರೆ ಅವ್ವ ಅಲ್ಲಿ ಕೈ ಮುಗಿದು ನಿಂತದ್ದಕ್ಕಿಂತ ಪಾತಿಗಳ ನಡುವೆ ಬಗ್ಗಿ ನಿಂತದ್ದೇ ನನಗೆ ಹೆಚ್ಚು ನೆನಪು. ಅಲ್ಲಿಯ ಕಟ್ಟುಪಾಡುಗಳು ನಮಗೆಲ್ಲ ಬಾಯಿಪಾಠ. ಕಾಲು ತೊಳೆಯದೆ ಕಂಡಿ ದಾಟಬಾರದು. ಒಳಗೆ ಉಗುಳಬಾರದು. ಬೇರೆಯವರ ಹಿತ್ತಲಿನ ಗಿಡ ತಂದು ಅಲ್ಲಿ ನೆಡಬಾರದು. ಹೊರಗಾದ ಹೆಂಗಸರು, ಎಂದರೆ ತಿಂಗಳಿಗೆ ಮೂರು ದಿನ ಮನೆಯೊಳಗೆ ಬಾರದೆ ಆ ಮಾಡಿನಲ್ಲಿ ಕೂರುವವರು, ಪಾತಿಗೆ ಕಾಲಿಡಬಾರದು. ಇಟ್ಟರೆ ಗಿಡ ಬುಡದಿಂದ ಒಣಗುತ್ತದೆ. ಇದನ್ನು ಅವ್ವ ನಂಬಿದ್ದಳು. ಊರಿನಲ್ಲಿ ನಂಬದವರು ಯಾರೂ ಇರಲಿಲ್ಲ. ನಾನೂ ನಂಬಿದ್ದೆ.

ಕನಕಾಂಬರ ಬಲು ಸಾಧು ಗಿಡ. ಬೆಳೆದರೆ ಸೊಂಟದೆತ್ತರ. ಮುಳ್ಳಿಲ್ಲ, ಹಾಲಿಲ್ಲ, ವಾಸನೆಯೂ ಇಲ್ಲ. ಎಲೆ ಎಣ್ಣೆ ಸವರಿದ ಹಾಗೆ ಮಿರುಗುವ ಕಡುಹಸಿರು. ಕೊಂಬೆಯ ತುದಿಗೆ ಜಡೆ ಹೆಣೆದಂಥ ಹಸಿರು ತೆನೆ ಏಳುತ್ತದೆ, ಹೂವು ಅದರ ಬುಡದಿಂದ ಅರಳುತ್ತಾ ದಿನಕ್ಕಿಷ್ಟು ಮೇಲಕ್ಕೆ ಹತ್ತುತ್ತದೆ. ತುದಿ ಮುಟ್ಟಲು ಮೂರು ನಾಲ್ಕು ವಾರ ಬೇಕು. ಅಷ್ಟರಲ್ಲಿ ಪಕ್ಕದ ತೆನೆ ಶುರುವಾಗಿರುತ್ತದೆ. ಹೀಗಾಗಿ ಮಳೆಗಾಲದ ಜೋರಿನ ದಿನ ಬಿಟ್ಟರೆ ಹೂವಿಲ್ಲದ ವಾರವೇ ಇರುತ್ತಿರಲಿಲ್ಲ. ಮಲ್ಲಿಗೆ ಅದೇ ಸಂಜೆಗೆ ಕಂದಿದರೆ ಇದು ಕಿತ್ತ ಮೇಲೂ ಎರಡು ದಿನ ಬಣ್ಣ ಬಿಡುವುದಿಲ್ಲ. ನೀರು ನಿಂತರೆ ಆಗದು, ನೀರಿಲ್ಲದೆಯೂ ಆಗದು, ತೆಂಗಿನ ಮರದ ಅರೆನೆರಳು ಸಾಕು. ಬೀಜ ಹಿಡಿಯುವ ಕೆಲಸ ಮಾತ್ರ ನನಗೆ ಆಟ. ಒಣಗಿದ ತೆನೆಗೆ ನೀರು ಸೋಕಿದರೆ ಒಳಗಿನ ಕಾಯಿ ಚಟ್ ಎಂದು ಸಿಡಿದು ಬೀಜ ಆಳುದ್ದ ಹಾರುತ್ತದೆ. ಅವ್ವ ಒಣ ತೆನೆಗಳನ್ನು ಮಂಕರಿಯಲ್ಲಿ ಹಾಕಿ, ನೀರು ಚಿಮುಕಿಸಿ, ಮೇಲೆ ಹಳೆ ಸೀರೆ ಮುಚ್ಚುತ್ತಿದ್ದಳು. ನಾನು ಸೀರೆಗೆ ಕಿವಿ ಕೊಟ್ಟು ಕೂರುತ್ತಿದ್ದೆ. ಒಗ್ಗರಣೆಗೆ ಸಾಸಿವೆ ಬಿದ್ದಂಥ ಸದ್ದು.

ದಿನ ಬಿಟ್ಟು ದಿನ, ಬಿಸಿಲೇರುವ ಮುಂಚೆ, ಹೂ ಕೀಳುತ್ತಿದ್ದೆವು. ಕಿತ್ತದ್ದನ್ನು ಪಡಸಾಲೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಸುರಿದು ಸಂಜೆಯೊಳಗೆ ಕಟ್ಟಿ ಮುಗಿಸಬೇಕು. ಮರುದಿನ ಬೆಳಗಿನ ರೈಲಿಗೆ ಚಂದ್ರಣ್ಣ ಬುಟ್ಟಿ ಹೊತ್ತು ತುಮಕೂರಿನ ಹೂವಿನ ಮಾರ್ಕೆಟ್ಟಿಗೆ ಹೋಗುತ್ತಿದ್ದ. ಚಂದ್ರಣ್ಣ ನನ್ನ ಅಣ್ಣ, ನನಗಿಂತ ಹತ್ತು ವರ್ಷ ದೊಡ್ಡವನು. ಹೂ ಕಟ್ಟುವುದರಲ್ಲಿ ಅವ್ವನ ಬಿಟ್ಟರೆ ನಾನೇ. ನೆನೆಸಿದ ಬಾಳೆನಾರು, ಎರಡು ಹೂ ಈ ಕಡೆ, ಎರಡು ಆ ಕಡೆ, ನಡುವೆ ಒಂದು ಸುತ್ತು, ಒಂದು ಎಳೆತ. ಇಸ್ಕೂಲಿನಿಂದ ಬಂದವನೇ ಅವ್ವನ ಬಲಮಗ್ಗುಲಿಗೆ ಕೂರುತ್ತಿದ್ದೆ. ಅದು ನನ್ನ ಜಾಗ. ಪಕ್ಕದ ಮನೆಯ ಸಿದ್ದಮ್ಮ ಬಂದಾಗಲೆಲ್ಲ ನಗುತ್ತಿದ್ದಳು.

"ಗಂಡುಡುಗುನ್ ಕೈಲಿ ಹೂ ಕಟ್ಟಿಸ್ತೀಯಲ್ಲಮ್ಮಿ, ನಾಳೆ ಸೀರೆನೂ ಉಡಿಸ್ತೀಯಾ?"

"ನಿನ್ ಮಗಳ ಕೈಗಿಂತ ಇವನ ಕೈ ಚುರುಕು ಬುಡು," ಎಂದು ಅವ್ವ ತಲೆಯೆತ್ತದೆ ಹೇಳುತ್ತಿದ್ದಳು. ಆ ಒಂದು ಮಾತಿಗಾಗಿ ನಾನು ಗೋಲಿ, ಬುಗುರಿ ಎಲ್ಲ ಬಿಟ್ಟಿದ್ದೆ. ಅವ್ವ ಹೊಗಳುವವಳಲ್ಲ. ತಟ್ಟೆಗೆ ಮುದ್ದೆ ಹಾಕುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಪ್ಪ ಅವಳೆದುರು ಬಾಯಿ ತೆರೆಯುತ್ತಿದ್ದುದು ಉಣ್ಣಲಿಕ್ಕೆ ಮಾತ್ರ ಎಂದು ಊರವರು ಆಡಿಕೊಳ್ಳುತ್ತಿದ್ದರು, ಅದು ಹೆಚ್ಚು ಕಡಿಮೆ ನಿಜ.

ಚಂದ್ರಣ್ಣನ ಮದುವೆ ಆಗಿ ಕುಣಿಗಲ್‌ನಿಂದ ಜಯಮ್ಮ ಅತ್ತಿಗೆ ಬಂದರು. ಕಪ್ಪಗೆ, ತೆಳ್ಳಗೆ, ನಕ್ಕರೆ ಒಸಡು ಕಾಣುವಂಥ ಹೆಂಗಸು. ನಮ್ಮ ಮನೆಯಲ್ಲಿ ಗಟ್ಟಿಯಾಗಿ ನಕ್ಕ ಮೊದಲನೆಯವರು ಅವರೇ ಇರಬೇಕು. ನನ್ನನ್ನು "ಏನ್ ಮೈದುನ್ರೇ" ಎಂದು ದೊಡ್ಡ ಮನುಷ್ಯರನ್ನು ಕರೆದ ಹಾಗೆ ಕರೆದು ಕೆಣಕುತ್ತಿದ್ದರು. ಬಂದ ನಾಲ್ಕನೇ ದಿನ ಅವ್ವ ಅವರ ಕೈಗೆ ನಾರು ಕೊಟ್ಟಳು. ನಾನು ಎರಡು ಸುತ್ತು ಕಟ್ಟುವುದರೊಳಗೆ ಅವರು ಐದು ಕಟ್ಟಿದ್ದರು. ಮಾಲೆ ಹಗ್ಗದ ಹಾಗೆ ಬಿಗಿ, ಕೊಡವಿದರೆ ಒಂದು ಹೂವೂ ಉದುರಲಿಲ್ಲ. ಅವ್ವ ಅದನ್ನು ಎತ್ತಿ ಹಿಡಿದು ಬೆಳಕಿಗೆ ನೋಡಿದಳು. ಮರುದಿನ ನಾನು ಇಸ್ಕೂಲಿನಿಂದ ಬಂದಾಗ ಅವ್ವನ ಬಲಮಗ್ಗುಲಲ್ಲಿ ಅತ್ತಿಗೆ ಕೂತಿದ್ದರು.

"ನೀನು ಹೋಗಿ ಬಾವಿಯಿಂದ ಎರಡು ಬಿಂದಿಗೆ ನೀರು ತಕಂಬಾ ಹೋಗ್ಲಾ," ಎಂದಳು ಅವ್ವ.

ಹನ್ನೆರಡು ವರ್ಷದ ಹುಡುಗನಿಗೆ ಅಂಥದ್ದು ಎಷ್ಟು ದಿನ ನೆನಪಿರುತ್ತದೆ ಎಂದು ಓದುವವರಿಗೆ ಅನ್ನಿಸಬಹುದು. ನನಗೆ ಈಗಲೂ ನೆನಪಿದೆ. ಅತ್ತಿಗೆ ಅದನ್ನು ಗಮನಿಸಿ, "ಬನ್ನಿ ಮೈದುನ್ರೇ, ನಾನ್ ಈ ಕಡೆ ಸರ್ಕತೀನಿ, ನೀವಿಲ್ ಕೂತ್ಕಳಿ," ಎಂದು ಎಷ್ಟೋ ಸಲ ಕರೆದರು. ನಾನು ಹೋಗಲಿಲ್ಲ. ಅವರು ಒಳ್ಳೆಯವರಾಗಿ ನಡೆದುಕೊಂಡಷ್ಟೂ ನನ್ನ ಹೊಟ್ಟೆಯ ಉರಿ ಹೆಚ್ಚುತ್ತಿತ್ತು. ಮೂರು ವರ್ಷ ಕಳೆದರೂ ಅವರಿಗೆ ಮಕ್ಕಳಾಗಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದ ದಿನ, ಹಾಲು ಉಕ್ಕಿದ ದಿನ ಅವ್ವ ಆ ಮಾತು ತೆಗೆಯುತ್ತಿದ್ದಳು. ಅತ್ತಿಗೆ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದರು. ಚಂದ್ರಣ್ಣ ಕೈ ತೊಳೆಯಲು ಎದ್ದು ಹೋಗುತ್ತಿದ್ದ. ಆಗ ನನಗೆ ಒಳಗೊಳಗೇ ಖುಷಿಯಾಗುತ್ತಿತ್ತು ಎಂಬುದನ್ನು ಇಲ್ಲಿ ಬರೆಯದೆ ಹೋದರೆ ಮುಂದಿನದು ಯಾರಿಗೂ ಅರ್ಥವಾಗುವುದಿಲ್ಲ.

ಆ ವರ್ಷ ಬೆಳ್ಳಾವಿಯಲ್ಲಿದ್ದ ಅವ್ವನ ನೆಂಟರ ಮನೆಗೆ ನನ್ನನ್ನು ಕಳಿಸಿದ್ದರು. ಅವರ ತೋಟದಲ್ಲಿ ನಾನು ಮೊದಲ ಸಲ ಡೆಲ್ಲಿ ಕನಕಾಂಬರ ನೋಡಿದೆ. ನಮ್ಮದು ಮಾಸಲು ಕಿತ್ತಳೆ ಬಣ್ಣದ ನಾಟಿ ಹೂ. ಅದು ಕೆಂಡದ ಬಣ್ಣ, ಹೂವೂ ದೊಡ್ಡದು. ಅದಕ್ಕೆ ಬೀಜವಿಲ್ಲ, ಕಡ್ಡಿ ನೆಟ್ಟು ಬೇರು ಬರಿಸಬೇಕು. ಆದರೆ ಅರ್ಧ ತೋಟ ಒಣಗಿತ್ತು. ಒಣಗಿದ ಗಿಡಗಳನ್ನು ಕಿತ್ತು ಬದುವಿನ ಮೇಲೆ ರಾಶಿ ಹಾಕಿದ್ದರು. ರಾಶಿಯಲ್ಲಿ ಮೂರು ಗಿಡ ಇನ್ನೂ ಹಸಿರಾಗಿದ್ದವು, ಬೇರಿಗೆ ಮಣ್ಣಿನ ಹೆಂಟೆ ಅಂಟಿಕೊಂಡಿತ್ತು. ನಾನು ಯಾರನ್ನೂ ಕೇಳಲಿಲ್ಲ. ಒದ್ದೆ ಗೋಣಿಯ ಚೂರಿನಲ್ಲಿ ಸುತ್ತಿ ಚೀಲದ ತಳಕ್ಕೆ ಹಾಕಿಕೊಂಡು ಬಂದೆ. ಹೊರಗಿನ ಗಿಡ ತರಬಾರದೆಂಬುದು ಗೊತ್ತಿತ್ತು. ಆದರೆ ಅವು ಹಿಡಿದು, ಕೆಂಡದಂಥ ಹೂ ಬಿಟ್ಟ ದಿನ ಅವ್ವನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಬೇಕು, ಆಗ ಅವಳು ಸಿದ್ದಮ್ಮನ ಮುಂದೆ ಏನು ಹೇಳುತ್ತಾಳೆ ಎಂದು ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದ್ದೆ. ಹನ್ನೆರಡನೇ ಪಾತಿಯ ಮೂಲೆಯಲ್ಲಿ, ತೆಂಗಿನ ಬುಡದ ಮರೆಗೆ ನೆಟ್ಟೆ. ಇಪ್ಪತ್ತು ದಿನದಲ್ಲಿ ಮೂರೂ ಸತ್ತವು. ಎಲೆ ಮೊದಲು ನೇರಳೆಗೆ ತಿರುಗಿ, ಆಮೇಲೆ ಹಳದಿಯಾಗಿ, ಒಂದೊಂದೇ ಕಳಚಿತು. ಕಿತ್ತು ಬೇಲಿಯಾಚೆ ಎಸೆದೆ, ಮರೆತೂ ಬಿಟ್ಟೆ.

ಅದಾದ ಮೇಲೆ ಒಂದು ಬೆಳಿಗ್ಗೆ ಅತ್ತಿಗೆ ಹೊರಗಾಗಿ ಮಾಡಿನಲ್ಲಿ ಕೂತಿದ್ದರು. ಅವ್ವ ಹೊಲಕ್ಕೆ ಹೋಗಿದ್ದಳು. ಗೂಟ ಕಿತ್ತುಕೊಂಡ ಕರು ಕಂಡಿಯಿಂದ ಪಾತಿಗೆ ನುಗ್ಗಿತು. ಅತ್ತಿಗೆ ಎದ್ದು ಓಡಿದವರು ಬದುವಿನ ಮೇಲೆ ಹತ್ತಿ ಅಲ್ಲಿಗೇ ನಿಂತರು. ಒಳಗೆ ಇಳಿಯಲಿಲ್ಲ. ಸೆರಗು ಬೀಸಿ ಬೀಸಿ ಕೂಗಿದರು.

"ನಂಜಾ! ಲೋ ನಂಜಾ! ಬಾರೋ ಬೇಗ, ಎಲ್ಲಾ ತುಳಿದಾಕ್ತದೆ! ನಾನ್ ಇಳಿಯಂಗಿಲ್ಲ ಕಣೋ!"

ಮೈದುನ್ರೇ ಎನ್ನಲು ಪುರುಸೊತ್ತಿರಲಿಲ್ಲ. ನಾನು ಒಳಗಿನಿಂದ ಓಡಿ ಬಂದು ಕರುವಿನ ಕಿವಿ ಹಿಡಿದು ಎಳೆದು ತಂದೆ. ಎರಡು ಗಿಡ ಮುರಿದಿದ್ದವು. ಅತ್ತಿಗೆ ಇನ್ನೂ ಬದುವಿನ ಮೇಲೆಯೇ ನಿಂತು ಏದುಸಿರು ಬಿಡುತ್ತಿದ್ದರು. "ಸದ್ಯ, ನೀನಿದ್ದೆ," ಎಂದರು.

ಒಂದು ತಿಂಗಳಿಗೆ ಹನ್ನೆರಡನೇ ಪಾತಿ ಸೊರಗತೊಡಗಿತು. ಮಧ್ಯಾಹ್ನ ಜೋಲು ಬೀಳುವ ಗಿಡ ಸಂಜೆಗೆ ಚೇತರಿಸಿಕೊಳ್ಳುತ್ತಿತ್ತು, ನಾಲ್ಕು ದಿನಕ್ಕೆ ಸಂಜೆಯೂ ಜೋಲೇ ಇರುತ್ತಿತ್ತು, ಆಮೇಲೆ ಎಲೆ ನೇರಳೆ, ಆಮೇಲೆ ಕಡ್ಡಿ. ಅಲ್ಲಿಂದ ಹನ್ನೊಂದನೆಯದಕ್ಕೆ, ಹತ್ತನೆಯದಕ್ಕೆ ಬಂತು. ಅವ್ವ ಬೂದಿ ಹಾಕಿದಳು, ಹಟ್ಟಿಗೊಬ್ಬರ ಹಾಕಿದಳು, ದೃಷ್ಟಿ ತೆಗೆದಳು. ಒಂದು ದಿನ ಸಿದ್ದಮ್ಮ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಇದು ಗೊಬ್ರಕ್ಕೆ ಬಗ್ಗೋದಲ್ಲ ಕಣಮ್ಮಿ, ಮೈಲಿಗೆ ಆಗದೆ. ಯಾರೋ ಹೊರಗಾದೋರು ಕಾಲಿಟ್ಟವ್ರೆ. ಅವತ್ತು ಕರು ನುಗ್ಗಿದಾಗ ನಿನ್ ಸೊಸೆ ಇಲ್ಲಿ ಕೂಗ್ತಿದ್ಲು, ನಂಗ್ ಕೇಳುಸ್ತು," ಎಂದಳು. ಅವಳು ಕೆಟ್ಟವಳಲ್ಲ. ಕೇಳಿದ್ದನ್ನು ಹೇಳಿದಳು.

ಅಂದು ಹೂ ಕೀಳಲು ಬಂದಿದ್ದ ನಾಲ್ಕಾರು ಹೆಂಗಸರೂ ಅಂಗಳದಲ್ಲಿದ್ದರು. ಅಪ್ಪ ಜಗುಲಿಯಲ್ಲಿ ಕೂತಿದ್ದ, ಚಂದ್ರಣ್ಣ ಕಂಬಕ್ಕೆ ಒರಗಿ ನಿಂತಿದ್ದ. ಅವ್ವ ಅತ್ತಿಗೆಯನ್ನು ಹೊರಕ್ಕೆ ಕರೆದಳು.

"ಪಾತಿಗೆ ಇಳಿದ್ಯಾ?"

"ಇಲ್ಲತ್ತೆ. ಬದಿನ್ ಮೇಲೆ ನಿಂತಿದ್ದೆ ಅಷ್ಟೇ. ಇಳೀಲಿಲ್ಲ."

"ಇಳೀದೆ ಗಿಡ ಒಣಗ್ತದಾ? ನನ್ ಕಣ್ಣಿಗ್ ಮಣ್ಣು ಹಾಕ್ತೀಯಾ?"

ಅತ್ತಿಗೆ ಸುತ್ತ ನೋಡಿದರು. ನಾನು ಬಾಗಿಲ ಹತ್ತಿರ ನಿಂತಿದ್ದೆ. ನನ್ನನ್ನು ಕಂಡದ್ದೇ ಅವರ ಮುಖದಲ್ಲಿನ ಭಯ ಹೋಯಿತು. ಅದನ್ನು ನಾನು ಕಣ್ಣಾರೆ ಕಂಡೆ.

"ನಂಜಪ್ಪ ಇದ್ದ ಅತ್ತೆ. ಅವನೇ ಕರ ಎಳ್ಕೊಂಡ್ ಬಂದಿದ್ದು. ಹೇಳಪ್ಪಾ, ನಾನ್ ಇಳಿದ್ನಾ?"

ಅವ್ವ ನನ್ನ ಕಡೆ ತಿರುಗಿದಳು. ಮೂರು ವರ್ಷದ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರವಾಗಿ, ನನ್ನ ಮಾತಿಗಾಗಿ ಕಾದು, ನೋಡಿದಳು. ಆ ಕ್ಷಣದಲ್ಲಿ ನನ್ನ ತಲೆಯಲ್ಲಿ ಎರಡು ಸಂಗತಿ ಇದ್ದವು. ಒಂದು, ತೆಂಗಿನ ಬುಡದಲ್ಲಿ ನಾನು ನೆಟ್ಟ ಮೂರು ಗಿಡ. ಅವಕ್ಕೂ ಈ ಒಣಗುವುದಕ್ಕೂ ಏನು ಸಂಬಂಧವೆಂದು ಗೊತ್ತಿರಲಿಲ್ಲ, ಆದರೆ ಒಣಗುವುದು ಅದೇ ಮೂಲೆಯಿಂದ ಶುರುವಾಗಿತ್ತು, ಅಷ್ಟು ಗೊತ್ತಿತ್ತು. ಅತ್ತಿಗೆ ಇಳಿದಿಲ್ಲವೆಂದರೆ ಅವ್ವ ಬೇರೆ ಕಾರಣ ಹುಡುಕುತ್ತಾಳೆ. ಇನ್ನೊಂದು, ಅವ್ವನ ಬಲಮಗ್ಗುಲು. ಯಾವುದು ಮೊದಲು ಬಂತು ಎಂದು ಐವತ್ತಕ್ಕೂ ಹೆಚ್ಚು ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ.

"ಇಳಿದ್ರು," ಎಂದೆ. "ನಾನ್ ಬರೋ ಹೊತ್ತಿಗೆ ಒಳಗಿದ್ರು."

ಅತ್ತಿಗೆ ನನ್ನನ್ನು ಬೇರೆ ಯಾರನ್ನೋ ನೋಡಿದ ಹಾಗೆ ನೋಡಿದರು. ಸಿದ್ದಮ್ಮ "ಅಯ್ಯೋ ಶಿವನೇ" ಎಂದಳು. ಅಪ್ಪ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ತೋಟದ ಕಡೆ ನಡೆದ. ಅಂದು ಮಧ್ಯಾಹ್ನ ಹುರುಳಿಸಾರು ಮಾಡಿದ್ದರು. ಅವ್ವ ನನ್ನ ತಟ್ಟೆಗೆ ಕೇಳದೆಯೇ ಎರಡನೇ ಮುದ್ದೆ ಹಾಕಿ ಬೆಣ್ಣೆ ಇಟ್ಟಳು. ನಾನು ಪೂರ್ತಿ ಉಂಡೆ. ಎರಡು ದಿನದ ಮೇಲೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅತ್ತಿಗೆ ಒಬ್ಬರೇ ಇದ್ದಾಗ ನಾನು ಎದುರಾದೆ. "ಯಾಕಪ್ಪಾ?" ಎಂದರು, ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಓಡಿದೆ.

ಅವರನ್ನು ಕುಣಿಗಲ್‌ಗೆ ಕಳಿಸಿದಾಗ ಅದನ್ನು ಯಾರೂ ಬಿಟ್ಟುಬಿಡುವುದು ಎಂದು ಕರೆಯಲಿಲ್ಲ. ಅವ್ವ ಒಂದು ಮಾತು ಹೇಳಿದಳು: "ಪಾತಿ ಮಣ್ಣು ಅಗೆದು, ಶುದ್ಧಿ ಮಾಡಿ, ಹೊಸ ಸಸಿ ಹಾಕ್ತೀನಿ. ಸಸಿ ಹಿಡಿದು ಹೂ ಬುಡ್ಲಿ. ಆವಾಗ ಕರ್ಕಂಡ್ ಬಾ. ದೇವರು ಒಪ್ಪಿದ ಅಂತಾನೇ ಅರ್ಥ." ಚಂದ್ರಣ್ಣನಿಗೆ ಇದು ನ್ಯಾಯವಾಗಿಯೇ ಕಂಡಿತು. ನಾಲ್ಕೈದು ತಿಂಗಳ ಮಾತು, ಸಸಿ ಹಿಡಿಯದೆ ಎಲ್ಲಿ ಹೋಗುತ್ತದೆ? ಅತ್ತಿಗೆ ಟ್ರಂಕು ಕೂಡ ಒಯ್ಯಲಿಲ್ಲ; ಒಂದು ಚೀಲದಲ್ಲಿ ನಾಲ್ಕು ಸೀರೆ ಹಾಕಿಕೊಂಡು ಹೋದರು.

ಮೊದಲ ಸಲ ಹಾಕಿದ ಸಸಿ ಮೊಣಕಾಲೆತ್ತರಕ್ಕೆ ಬಂತು. ಚಂದ್ರಣ್ಣ ದಿನವೂ ಬೆಳಿಗ್ಗೆ ಎದ್ದವನೇ ಹಿತ್ತಲಿಗೆ ಹೋಗಿ ಬಗ್ಗಿ ಒಂದೊಂದೇ ಎಲೆ ತಿರುಗಿಸಿ ನೋಡುತ್ತಿದ್ದ. ತೆನೆ ಕಂಡ ದಿನ ಕ್ಷೌರ ಮಾಡಿಸಿಕೊಂಡು ಬಂದ. ಆ ವಾರವೇ ಎಲೆ ನೇರಳೆಗೆ ತಿರುಗಿತು. ಎರಡನೇ ಸಲ ಬೇರೆ ಊರಿನ ಬೀಜ ತರಿಸಿದರು. ನೆಡುವ ಮುಂಚೆ ಅಪ್ಪ, ಚಂದ್ರಣ್ಣ, ನಾನು ದೇವರಾಯನದುರ್ಗಕ್ಕೆ ಹರಕೆ ಹೊತ್ತು ಹೋದೆವು. ಬೆಟ್ಟದ ಮೆಟ್ಟಿಲು ಹತ್ತುತ್ತಾ ಅಪ್ಪ ಹಿಂದೆ ಬಿದ್ದ. ನಾನು ಅವನ ಜೊತೆ ಉಳಿದೆ. ಹೇಳಿಬಿಡಬೇಕೆಂದು ಅಂದೇ ಮೊದಲ ಸಲ ನಿಜವಾಗಿ ಅಂದುಕೊಂಡದ್ದು. ಅಪ್ಪ ಮೆಟ್ಟಿಲ ಮೇಲೆ ಕೂತು ಉಸಿರು ಬಿಟ್ಟು ತಾನಾಗಿಯೇ ಮಾತು ತೆಗೆದ.

"ನೀನು ಸತ್ಯ ಹೇಳಿದ್ದು ಒಳ್ಳೇದಾಯ್ತು ಕಣ್ಲಾ. ಇಲ್ದಿದ್ರೆ ನಿಮ್ಮವ್ವ ಮನೆಯೋರ್ನೆಲ್ಲಾ ಅನುಮಾನಿಸ್ತಿದ್ಲು."

ಅಪ್ಪ ನನ್ನೊಂದಿಗೆ ಅಷ್ಟು ಉದ್ದ ಮಾತಾಡಿದ್ದೇ ಅಪರೂಪ. ನಾನು "ಹ್ಞೂ" ಎಂದೆ. ತೀರ್ಥ ತಂದು ಪಾತಿಗೆಲ್ಲ ಚಿಮುಕಿಸಿದೆವು. ಆ ಸಸಿಗಳೂ ಹೋದವು. ಮೂರನೇ ಸಲದವು ತೆನೆಯನ್ನೇ ಬಿಡಲಿಲ್ಲ. ಒಂದೊಂದು ಸಲ ಒಣಗಿದಾಗಲೂ ಅತ್ತಿಗೆಯ ಮೇಲಿನ ಅಪವಾದ ಇನ್ನಷ್ಟು ಗಟ್ಟಿಯಾಯಿತು. ಇಷ್ಟು ದಿನದ ಮೇಲೂ ಮೈಲಿಗೆ ಮಣ್ಣು ಬಿಡುತ್ತಿಲ್ಲವೆಂದರೆ ಅವಳ ಕಾಲು ಎಂಥದ್ದಿರಬೇಕು ಎಂದು ಊರು ಮಾತಾಡಿತು. ಮಕ್ಕಳಾಗದ್ದೂ ಅದಕ್ಕೇ ಸೇರಿಕೊಂಡಿತು. ಮೂರನೇ ಬೆಳೆ ಕಿತ್ತ ಮೇಲೆ ಅತ್ತಿಗೆಯ ಅಣ್ಣ ಕುಣಿಗಲ್‌ನಿಂದ ಬಂದು ಜಗುಲಿಯ ಮೇಲೂ ಕೂರದೆ ಟ್ರಂಕು ಹೊತ್ತುಕೊಂಡು ಹೋದ. ಅದೇ ವರ್ಷ ಚಂದ್ರಣ್ಣನಿಗೆ ಎರಡನೇ ಮದುವೆಯಾಯಿತು. ಅವ್ವ ಪಾತಿಗಳನ್ನು ಅಳಿಸಿ ಅಲ್ಲಿ ಮೇವಿನ ಜೋಳ ಹಾಕಿದಳು. ಕಟ್ಟಲು ಹೂವಿಲ್ಲದ ಮನೆಯಲ್ಲಿ ಅವ್ವನ ಬಲಮಗ್ಗುಲಿಗೆ ಕೂರುವ ಕೆಲಸವೂ ಯಾರಿಗೂ ಇರಲಿಲ್ಲ.

ಎಸ್ಸೆಸ್ಸೆಲ್ಸಿ ಆದ ಮೇಲೆ ಕೆಲವು ವರ್ಷ ಅಲ್ಲಿ ಇಲ್ಲಿ ಅಲೆದು, ಕೊನೆಗೆ ತುಮಕೂರಿನ ಹತ್ತಿರದ ಒಂದು ಸರ್ಕಾರಿ ನರ್ಸರಿಯಲ್ಲಿ ಮಾಲಿಯ ಕೆಲಸಕ್ಕೆ ಸೇರಿದೆ, ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದೆ. ಕೆಲಸ ಹಳೆಯದಾದ ಮೇಲೆ ಒಂದು ದಿನ ರೈತ ಹೆಂಗಸೊಬ್ಬಳು ಒಣಗಿದ ಕನಕಾಂಬರದ ಗಿಡವೊಂದನ್ನು ಪೇಪರಿನಲ್ಲಿ ಸುತ್ತಿ ತಂದಳು. ನಮ್ಮ ಸಾಹೇಬರು ನನ್ನ ಕೈಲಿ ಬಕೆಟ್ಟಿನಲ್ಲಿ ನೀರು ತರಿಸಿ ಬೇರು ತೊಳೆದರು. ಬೇರಿನುದ್ದಕ್ಕೂ ಸಾಸಿವೆ ಪೋಣಿಸಿದ ಹಾಗೆ ಗಂಟುಗಳಿದ್ದವು.

"ನೋಡಿ ನಂಜುಂಡಪ್ಪ, ಗಂಟುಬೇರು ಅಂದ್ರೆ ಇದು. ಕಣ್ಣಿಗೆ ಕಾಣದ ಹುಳ ಒಳಗೆ ಕೂತಿರುತ್ತೆ. ಅದು ಮಾಡಿದ ಗಾಯದಿಂದ ಸೊರಗು ರೋಗ ನುಗ್ಗುತ್ತೆ."

"ಹುಳ ಎಲ್ಲಿಂದ ಬರ್ತದೆ ಸಾರ್?"

"ಅದಕ್ಕೇನು ಕಾಲಿದೆಯಾ? ನಾವೇ ತರ್ತೀವಿ. ರೋಗದ ತೋಟದಿಂದ ಮಣ್ಣು ಸಮೇತ ಒಂದು ಗಿಡ ತಂದು ನೆಟ್ರೆ ಸಾಕು. ಆಮೇಲೆ ಅದೇ ಮಣ್ಣಿಗೆ ಎಷ್ಟು ಸಲ ಕನಕಾಂಬರ ಹಾಕಿದ್ರೂ ಹೋಗುತ್ತೆ. ಒಂದೆರಡು ವರ್ಷ ಚೆಂಡು ಹೂವು ಹಾಕಿ, ಬೇವಿನ ಹಿಂಡಿ ಕೊಟ್ಟು, ಆಮೇಲೆ ನೆಡಬೇಕು."

ಬಕೆಟ್ಟು ಹಿಡಿದು ಅಲ್ಲೇ ನಿಂತಿದ್ದೆ. ಮೂರು ಗಿಡ, ಬೇರಿಗಂಟಿದ ಮಣ್ಣಿನ ಹೆಂಟೆ. ನಾನು ಅತ್ತಿಗೆಯ ಮೇಲೆ ಹೊರಿಸಿದ ತಪ್ಪು ಯಾರದ್ದೂ ಅಲ್ಲದ ತಪ್ಪಾಗಿರಲಿಲ್ಲ. ನನ್ನದೇ ಆಗಿತ್ತು. ಎರಡು ವರ್ಷ ಚೆಂಡು ಹೂ ಹಾಕಿದ್ದರೆ ಅವರು ಮನೆಗೆ ಬರುತ್ತಿದ್ದರು. ಆಗ ಅವ್ವ ಇನ್ನೂ ಬದುಕಿದ್ದಳು, ಚಂದ್ರಣ್ಣನಿಗೆ ಎರಡನೆಯವಳಲ್ಲಿ ಎರಡು ಮಕ್ಕಳಾಗಿದ್ದವು. ಈಗ ಹೇಳಿ ಯಾರ ಸಂಸಾರ ಕೆಡಿಸಲಿ ಎಂದು ನನಗೆ ನಾನೇ ಹೇಳಿಕೊಂಡೆ. ಮಾತು ಎಷ್ಟು ದೊಡ್ಡ ಮನುಷ್ಯನದ್ದಾಗಿ ಕೇಳುತ್ತದೆ ನೋಡಿ. ನಿಜವೇನೆಂದರೆ ನನಗೆ ಹೆಂಡತಿ, ಮಕ್ಕಳು, ಬೀದಿಯಲ್ಲಿ ಒಂದು ಮರ್ಯಾದೆ ಇತ್ತು. ಅವ್ವ ಸಾಯುವ ವಾರ ಕೂಡ, "ಆ ಜಯಿ ಕಾಲಿಡ್ದೆ ಇದ್ದಿದ್ರೆ ಹಿತ್ಲು ಹೆಂಗಿರ್ತಿತ್ತು," ಎಂದಳು. ನಾನು ಅವಳ ಬಾಯಿಗೆ ನೀರು ಬಿಟ್ಟೆ.

ಕಳೆದ ವರ್ಷ ಚಂದ್ರಣ್ಣ ತೀರಿಕೊಂಡ. ಕುಣಿಗಲ್‌ಗೆ ಸುದ್ದಿ ಮುಟ್ಟಿಸುವವರು ಯಾರೂ ಇಲ್ಲವೆಂದು ಗೊತ್ತಿತ್ತು. ಹನ್ನೊಂದನೇ ದಿನ ಕಳೆದ ಮೇಲೆ ನಾನೇ ಹೋದೆ. ಅತ್ತಿಗೆ ಅವರ ಅಣ್ಣನ ಮಗನ ಮನೆಯಲ್ಲಿದ್ದಾರೆ. ಮಂಡಿನೋವು ಹಿಡಿದು ಕೂರಿಸುವವರೆಗೆ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದರಂತೆ. ಮುಂದಿನ ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ನಾನು ಗೇಟಿನಲ್ಲಿ ನಿಂತದ್ದೇ ಕಣ್ಣು ಕಿರಿದು ಮಾಡಿ ನೋಡಿದರು.

"ನಂಜಪ್ಪ ಅಲ್ವಾ? ತಲೆ ಬೋಳಾದ್ರೂ ಮೂಗು ನಿಮ್ಮವ್ವಂದೇ. ಬಾ, ಕೂತ್ಕೊ."

ಸಾವಿನ ಸುದ್ದಿ ಹೇಳಿದೆ. ಕೈಯಲ್ಲಿದ್ದ ಕಾಯಿ ಬಿಡಿಸಿ ಮುಗಿಸಿ, "ನೋವಿಲ್ದೆ ಹೋದ್ರಾ?" ಎಂದು ಕೇಳಿದರು. ಹೌದೆಂದೆ. ನಾನು ಅಂಗಳದಲ್ಲಿ ಹೇಳಿದ್ದು ಸುಳ್ಳು, ಬೇಕೆಂದೇ ಹೇಳಿದ್ದು ಎಂದೆ. ಬರುವ ದಾರಿಯಲ್ಲಿ ಸಿದ್ಧಪಡಿಸಿಕೊಂಡಿದ್ದ ಮಾತೆಲ್ಲ ಅಷ್ಟಕ್ಕೇ ಮುಗಿದಿತ್ತು.

"ಸುಳ್ಳು ಅಂತ ನಂಗೊತ್ತಿಲ್ವಾ? ಕಾಲು ನಂದು," ಎಂದು ಅತ್ತಿಗೆ ನಕ್ಕರು. ಆಮೇಲೆ ದನಿ ಇಳಿಸಿದರು. "ಆದ್ರೆ ಒಂದ್ ಮಾತು ಯಾರ್ಗೂ ಹೇಳಿಲ್ಲ ನಾನು. ಅವತ್ತು ಬದಿನ್ ಮೇಲೆ ನಿಂತಿದ್ದಾಗ ಬಿಸಿಲು ಬೆನ್ನಿಗಿತ್ತು. ನನ್ ನೆರಳು ಉದ್ದಕ್ಕೆ ಪಾತಿ ಮೇಲೆ ಬಿದ್ದಿತ್ತು. ಮೊದಲ್ನೇ ಸಲ ಸಸಿ ಹೋಯ್ತು ಅಂದ್ರು, ಎರಡ್ನೇ ಸಲ ಹೋಯ್ತು ಅಂದ್ರು. ಕಾಲಿಡ್ದಿದ್ರೇನು, ನೆರಳಿಟ್ನಲ್ಲ, ತಪ್ಪು ನಂದೇ ಅಂತ ಆಗ್ಲೇ ಗೊತ್ತಾಯ್ತು. ಆಮೇಲೆ ಯಾರ್ ಹಿತ್ಲಿಗೂ ಹೋದೋಳಲ್ಲ. ಇಲ್ಲಿ ಕುಂಡದ ಗಿಡಕ್ಕೂ ನೀರು ಹಾಕಲ್ಲ. ಈ ಮನೆ ಸೊಸೆಗೆ ಎರಡ್ ಸಲ ಬಸುರು ನಿಲ್ಲಲಿಲ್ಲ. ಮೂರ್ನೇ ಸಲ ನಾನ್ ಹಾಸ್ಟೆಲಲ್ಲೇ ಉಳ್ಕೊಂಡೆ, ಒಂಬತ್ತು ತಿಂಗಳು ಈ ಕಡೆ ಬರ್ಲಿಲ್ಲ. ಮಗು ಆಯ್ತು. ನೋಡು ಮತ್ತೆ, ಅಂದ್ಕೊಂಡೆ."

ಅವರು ನನ್ನ ಸುಳ್ಳನ್ನು ಸುಳ್ಳೆಂದು ತಿಳಿದೂ ಇಷ್ಟು ಕಾಲ ಆ ಶಿಕ್ಷೆಯನ್ನು ತಮಗೆ ತಾವೇ ಕೊಟ್ಟುಕೊಂಡು ಬಂದಿದ್ದರು. ನಾನು ಎಲ್ಲ ಹೇಳಿದೆ. ಬೆಳ್ಳಾವಿಯ ಗಿಡ, ಮಣ್ಣಿನ ಹೆಂಟೆ, ಹುಳ, ಬೇರಿನ ಗಂಟು. ಅವರು ಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು.

"ನೆರಳಿಂದ ಆಗಲ್ವಾ?"

"ಆಗಲ್ಲ ಅತ್ತಿಗೆ."

"ಹೊರಗಾದೋರು ಒಳಗೇ ಇಳಿದಿದ್ರೂ?"

"ಆಗಲ್ಲ. ಏನೂ ಆಗಲ್ಲ."

"ಖಂಡಿತಾ?"

"ಖಂಡಿತಾ. ಸರ್ಕಾರದೋರೇ ಹೇಳ್ತಾರೆ. ನಾನು ಕಣ್ಣಾರೆ ಬೇರು ನೋಡಿದೀನಿ."

ಅಳುತ್ತಾರೆಂದುಕೊಂಡೆ, ಅಳಲಿಲ್ಲ. ಮೊರದಲ್ಲಿದ್ದ ಕಾಳುಗಳನ್ನು ಬೆರಳಿಂದ ಒಂದು ಕಡೆಗೆ ಸರಿಸಿದರು, ಮತ್ತೆ ಇನ್ನೊಂದು ಕಡೆಗೆ ಸರಿಸಿದರು.

"ನೀನ್ ಯಾವಾಗ ನೋಡಿದ್ದು ಆ ಬೇರ?"

ಈ ಪ್ರಶ್ನೆಯನ್ನು ನಾನು ನಿರೀಕ್ಷಿಸಿರಲಿಲ್ಲ. "ಮೂವತ್ತು ವರ್ಷದ ಮೇಲಾಯ್ತು," ಎಂದೆ.

ಅತ್ತಿಗೆ ತಲೆಯೆತ್ತಿದರು.

"ಹುಡುಗ್ನಾಗಿದ್ದಾಗ ಹೇಳಿದ್ದು ಬುಡು. ಮೂವತ್ತು ವರ್ಷ ಕುಣಿಗಲ್‌ಗೆ ಬಸ್ ಇರ್ಲಿಲ್ವೇನಪ್ಪ?"

ಇತ್ತು. ದಿನವೂ ಇತ್ತು. ಬಸ್ಸೇ ಏಕೆ, ನರ್ಸರಿಯ ಸಸಿ ತುಂಬಿದ ಲಾರಿಯಲ್ಲಿ ವರ್ಷಕ್ಕೆ ನಾಲ್ಕೈದು ಸಲ ನಾನೇ ಕುಣಿಗಲ್‌ಗೆ ಬರುತ್ತಿದ್ದೆ. ಅವರ ಬೀದಿಯ ತಿರುವಿನಲ್ಲೇ ಲಾರಿ ನಿಲ್ಲಿಸಿ ಟೀ ಕುಡಿಯುತ್ತಿದ್ದೆವು. ಒಮ್ಮೆ ಅವರು ತಲೆಯ ಮೇಲೆ ಸೊಪ್ಪಿನ ಕುಕ್ಕೆ ಹೊತ್ತು ಹಾಸ್ಟೆಲಿನ ಕಡೆ ಹೋಗುವುದನ್ನು ಕಂಡು ನಾನು ಲೋಟ ಹಿಡಿದುಕೊಂಡು ಲಾರಿಯ ಆ ಕಡೆಗೆ ಸರಿದು ನಿಂತಿದ್ದೆ.

ಅದನ್ನೂ ಅವರಿಗೆ ಹೇಳಿದೆ.